ಶಾಲೆಯ ಕಾಟ ಮತ್ತು ಸುತ್ತ ನಿಂತು ನೋಡುವ ಮಕ್ಕಳು

2025ರ ನವೆಂಬರ್ 1ರಂದು ಜೈಪುರದ ಖಾಸಗಿ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳು. ಸಹಪಾಠಿಗಳು ಗೋಳು ಹುಯ್ದುಕೊಳ್ಳುತ್ತಿದ್ದಾರೆ ಎಂದು ಮನೆಯವರು ಅದಕ್ಕೆ ಮೊದಲೇ ಶಾಲೆಗೆ ಹೇಳಿದ್ದರು. ಸಿಬಿಎಸ್‌ಇ ಕಳಿಸಿದ ತಂಡ ವಿಚಾರಣೆ ಮಾಡಿ, ಆ ದೂರುಗಳ ಮೇಲೆ ಶಾಲೆ ಸರಿಯಾದ ಕ್ರಮ ತೆಗೆದುಕೊಳ್ಳಲಿಲ್ಲ ಎಂದಿತು. ವರ್ಷ ಮುಗಿಯುವ ಹೊತ್ತಿಗೆ ಶಾಲೆಯ ಮಾನ್ಯತೆ ಹಿಂಪಡೆಯುವ ಆದೇಶವೂ ಬಂತು. ಅದೇ ವರ್ಷ ಜುಲೈ 25ರಂದು ಸುಪ್ರೀಂ ಕೋರ್ಟ್, ಬೇರೊಂದು ವಿದ್ಯಾರ್ಥಿ ಸಾವಿನ ಪ್ರಕರಣದಲ್ಲಿ, ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ಕೊಟ್ಟಿತ್ತು.

ಇಂಥ ಸುದ್ದಿ ಬಂದಾಗಲೆಲ್ಲ ಪೋಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ಬೇಡಿಕೆಗಳು ಏಳುತ್ತವೆ. ಒಂದು, ತೊಂದರೆ ಕೊಡುವ ಮಗುವಿಗೆ ಟಿ.ಸಿ. ಕೊಟ್ಟು ಕಳಿಸಿ. ಇನ್ನೊಂದು, ಚಿಕ್ಕ ಮಕ್ಕಳಿಗೆ ದಯೆ, ಅನುಕಂಪ ಕಲಿಸುವ ಚಟುವಟಿಕೆ ಶುರುಮಾಡಿ. ಎರಡೂ ಸರಿ ಅನ್ನಿಸುತ್ತವೆ. ಆದರೆ ಒಂದರಿಂದ ನಾಲ್ಕನೇ ತರಗತಿಯ ಮಟ್ಟದಲ್ಲಿ ಮೊದಲನೆಯದಕ್ಕೆ ಕಾನೂನೇ ಅಡ್ಡ ಬರುತ್ತದೆ. ಎರಡನೆಯದರ ಹೆಸರಲ್ಲಿ ನಡೆಯುವ ಕೆಲಸಗಳಲ್ಲಿ ಕೆಲವು ನಿಜಕ್ಕೂ ಫಲ ಕೊಡುತ್ತವೆ, ಕೆಲವು ಬರೀ ಫೋಟೋಗೆ ಚೆಂದ. ಯಾವುದು ಯಾವುದು ಎಂದು ಬಿಡಿಸಿ ನೋಡಬೇಕಾಗಿದೆ.

ಗೊಂದಲ ಪದದಲ್ಲೇ ಇದೆ

ಇಂಗ್ಲಿಷಿನ ಬುಲ್ಲಿಯಿಂಗ್ ಎಂಬುದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದು ಪದ ಇಲ್ಲ. ಒಂದು ಕಡೆ ಕೀಟಲೆ, ಚೇಷ್ಟೆ, ತುಂಟಾಟ ಇವೆ. ಇವು ಅರ್ಧ ಮುದ್ದಿನ ಪದಗಳು. "ಮಹಾ ತುಂಟ ಇವನು" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನೊಂದು ಕಡೆ ಕಿರುಕುಳ, ದೌರ್ಜನ್ಯ ಇವೆ. ಇವು ಪೊಲೀಸ್ ಠಾಣೆಯ ಪದಗಳು. ಏಳು ವರ್ಷದ ಮಗುವಿನ ಬಗ್ಗೆ ಇವನ್ನು ಬಳಸಲು ಬಾಯಿ ಬರುವುದಿಲ್ಲ. ಹಾಗಾಗಿ ಮಗುವೊಂದು ಬಂದು "ಮಿಸ್, ಅವನು ದಿನಾ ಹೀಗೇ ಮಾಡ್ತಾನೆ" ಅಂದಾಗ ಅದು ಕೀಟಲೆಯ ಲೆಕ್ಕಕ್ಕೇ ಹೋಗುತ್ತದೆ. "ಹೋಗ್ಲಿ ಬಿಡು, ನಿನ್ ಫ್ರೆಂಡ್ ಅಲ್ವಾ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮಗು ಹೇಳಿದ ವಾಕ್ಯದಲ್ಲಿ ಮುಖ್ಯವಾದ ಪದ "ದಿನಾ" ಎಂಬುದು. ಅದನ್ನು ಯಾರೂ ಕೇಳಿಸಿಕೊಂಡಿರುವುದಿಲ್ಲ.

ಮನೆಮಾತಿನಲ್ಲಿ ಇದಕ್ಕೆ ಹತ್ತಿರದ ಪದ ಎಂದರೆ ಕಾಟ. "ಅವನ ಕಾಟ ತಡೆಯೋಕಾಗಲ್ಲ" ಅನ್ನುವಾಗ ಅದು ಮತ್ತೆ ಮತ್ತೆ ನಡೆಯುತ್ತಿದೆ, ತಪ್ಪಿಸಿಕೊಳ್ಳಲು ದಾರಿ ಇಲ್ಲ ಎಂಬ ಎರಡೂ ಅರ್ಥ ಬರುತ್ತವೆ. ಈ ಲೇಖನದಲ್ಲಿ ಆ ಪದವನ್ನೇ ಇಟ್ಟುಕೊಳ್ಳೋಣ.

ಈ ವಿಷಯದ ಅಧ್ಯಯನಕ್ಕೆ ಬುನಾದಿ ಹಾಕಿದವರು ನಾರ್ವೆಯ ಮನೋವಿಜ್ಞಾನಿ ಡಾನ್ ಓಲ್ವೇಯಸ್. ಅಲ್ಲಿಯೂ ಶುರುವಾದದ್ದು ಇಂಥದೇ ಸುದ್ದಿಯಿಂದ. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ಜೀವ ಕಳೆದುಕೊಂಡರು. ಇಡೀ ದೇಶ ತಳಮಳಗೊಂಡಿತು. 1983ರಲ್ಲಿ ಶಾಲೆಗಳಲ್ಲಿ ರಾಷ್ಟ್ರೀಯ ಅಭಿಯಾನವೇ ಶುರುವಾಯಿತು. ಕಾಟವನ್ನು ಗುರುತಿಸಲು ಓಲ್ವೇಯಸ್ ಕೊಟ್ಟ ಮೂರು ಗುರುತುಗಳನ್ನು ಇವತ್ತಿಗೂ ಎಲ್ಲ ಕಡೆ ಬಳಸುತ್ತಾರೆ. ನೋಯಿಸಬೇಕೆಂದೇ ಮಾಡಿದ್ದು. ಮತ್ತೆ ಮತ್ತೆ ಮಾಡಿದ್ದು. ಇಬ್ಬರ ಬಲದಲ್ಲಿ ವ್ಯತ್ಯಾಸ ಇರುವುದು.

ಮೂರನೆಯ ಗುರುತು ತುಂಬ ಮುಖ್ಯ. ಸಮಬಲದ ಇಬ್ಬರು ಪೆನ್ಸಿಲ್‌ಗಾಗಿ ಕಿತ್ತಾಡಿದರೆ ಅದು ಜಗಳ. ಅದರಿಂದ ಮಕ್ಕಳು ಏನಾದರೂ ಕಲಿಯುತ್ತಾರೆ ಕೂಡ. ಒಬ್ಬನ ಹಿಂದೆ ಐದು ಜನ ಇದ್ದು, ಇನ್ನೊಬ್ಬ ಒಂಟಿಯಾಗಿದ್ದರೆ ಕಥೆ ಬೇರೆ. ಬಲ ಅಂದರೆ ಬರೀ ಮೈಬಲವಲ್ಲ. ಚೆನ್ನಾಗಿ ಮಾತಾಡಲು ಬರುವುದು, ಒಳ್ಳೆಯ ಬ್ಯಾಗು, ಬಣ್ಣ, ಜಾತಿ, ಟೀಚರ್‌ಗೆ ಅಚ್ಚುಮೆಚ್ಚು ಆಗಿರುವುದು, ಇವೆಲ್ಲ ಆರು ವರ್ಷದ ಮಕ್ಕಳಿಗೂ ಗೊತ್ತಿರುವ ಬಲಗಳೇ.

ಕಾನೂನು ಏನು ಹೇಳುತ್ತದೆ, ಎಲ್ಲಿ ಸುಮ್ಮನಿದೆ

2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಆ ಕಾಯ್ದೆ ಅನ್ವಯಿಸುವ ಶಾಲೆಗಳಲ್ಲಿ 8ನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ಫೇಲ್ ಮಾಡಲು ಅವಕಾಶ ಕೊಟ್ಟಿತೇ ಹೊರತು, ಹೊರಹಾಕಲು ಕೊಡಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 20ನೇ ಸೆಕ್ಷನ್ ಪ್ರಕಾರ ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರವರೆಗೆ, ತಾನು ಮಾಡುತ್ತಿರುವುದು ಏನು ಎಂದು ತಿಳಿಯುವಷ್ಟು ಬುದ್ಧಿ ಬಲಿತಿಲ್ಲದಿದ್ದರೆ ಅಪರಾಧವಲ್ಲ ಎನ್ನುತ್ತದೆ 21ನೇ ಸೆಕ್ಷನ್. ಅಂದರೆ ಮೂರನೇ ತರಗತಿಯ ಕಾಟಕ್ಕೆ ಟಿ.ಸಿ. ಕೊಡುವುದಾಗಲಿ, ಪೊಲೀಸ್ ದೂರು ಕೊಡುವುದಾಗಲಿ ಉತ್ತರವಾಗುವುದಿಲ್ಲ.

ಅದೇ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ. ಇದರ ಗುರಿ ಮುಖ್ಯವಾಗಿ ದೊಡ್ಡವರು ಮಕ್ಕಳಿಗೆ ಕೊಡುವ ಶಿಕ್ಷೆ. ಮಕ್ಕಳೇ ಮಕ್ಕಳಿಗೆ ಕೊಡುವ ಕಾಟವನ್ನು ಚಿಕ್ಕ ತರಗತಿಗಳಲ್ಲಿ ಹೇಗೆ ತಡೆಯಬೇಕು ಎಂಬ ಬಗ್ಗೆ ಕಾಯ್ದೆ ಸುಮ್ಮನಿದೆ. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳು ಕಾಲೇಜುಗಳಿಗೆ ಮಾತ್ರ.

ಸುಪ್ರೀಂ ಕೋರ್ಟಿನ ಮಾರ್ಗಸೂಚಿಗಳು ಈ ಖಾಲಿ ಜಾಗವನ್ನು ಸ್ವಲ್ಪ ತುಂಬುತ್ತವೆ. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಒಬ್ಬ ತರಬೇತಿ ಪಡೆದ ಆಪ್ತಸಮಾಲೋಚಕರು ಇರಬೇಕು. ಅದಕ್ಕಿಂತ ಚಿಕ್ಕ ಶಾಲೆಗಳು ಹೊರಗಿನ ತಜ್ಞರ ಜೊತೆ ನಂಟು ಇಟ್ಟುಕೊಳ್ಳಬೇಕು. ಶಿಕ್ಷಕರು ಮತ್ತು ಇತರ ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ ಎರಡು ಸಲ ತರಬೇತಿ ಆಗಬೇಕು. ಕಾಟದ ದೂರನ್ನು ಗುಟ್ಟಾಗಿ ಹೇಳಿಕೊಳ್ಳಲು ದಾರಿ ಇರಬೇಕು. ಸರಿಯಾದ ಕಾನೂನು ಬರುವವರೆಗೆ ಇವೇ ಜಾರಿಯಲ್ಲಿರುತ್ತವೆ.

ಆದರೆ ನಮ್ಮ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಯನ್ನು ನೆನಪು ಮಾಡಿಕೊಳ್ಳಿ. ಮೂವತ್ತೋ ನಲವತ್ತೋ ಮಕ್ಕಳು, ಇಬ್ಬರು ಶಿಕ್ಷಕರು. ಅಲ್ಲಿ ಸಮಾಲೋಚಕರೂ ಅವರೇ, ಬಿಸಿಯೂಟದ ಲೆಕ್ಕ ಬರೆಯುವವರೂ ಅವರೇ. ಆದೇಶ ಎಷ್ಟೇ ಒಳ್ಳೆಯದಿದ್ದರೂ ಕೊನೆಗೆ ಕೆಲಸ ಬಂದು ನಿಲ್ಲುವುದು ತರಗತಿಯ ಶಿಕ್ಷಕರ ಮೇಲೆಯೇ. ಅದಕ್ಕೇ ತರಗತಿಯ ಒಳಗೆ, ಪಾಠದ ನಡುವೆ, ಏನು ಮಾಡಿದರೆ ಉಪಯೋಗ ಎಂಬ ಪ್ರಶ್ನೆ ಇಷ್ಟು ಮುಖ್ಯ.

ಯಾರ ವಾದ ಏನು

"ನಾವೂ ಏಟು ತಿಂದು, ಬೈಸಿಕೊಂಡು ಬೆಳೆದವರೇ. ಮಕ್ಕಳು ಸ್ವಲ್ಪ ಗಟ್ಟಿಯಾಗಲಿ" ಎನ್ನುವವರು ಇನ್ನೂ ತುಂಬ ಜನ ಇದ್ದಾರೆ. ಈ ಮಾತಿನಲ್ಲಿ ಒಂದು ತಪ್ಪು ಲೆಕ್ಕ ಇದೆ. ಗಟ್ಟಿಯಾದವರು ಮಾತ್ರ ಆಮೇಲೆ ಈ ಕಥೆ ಹೇಳಲು ಉಳಿದಿರುತ್ತಾರೆ. ಶಾಲೆ ಬಿಟ್ಟವರು, ಮಾತು ನಿಲ್ಲಿಸಿದವರು ಹೇಳಲು ಬರುವುದಿಲ್ಲ. ಒಂದು ಸಲದ ಜಗಳದಿಂದ ಮಗು ಗಟ್ಟಿಯಾಗಬಹುದು. ದಿನವೂ ನಡೆಯುವ ಕಾಟದಿಂದ ಮಗು ಕಲಿಯುವುದು ಒಂದೇ, ಹೇಳಿದರೂ ಯಾರೂ ಬರುವುದಿಲ್ಲ ಎಂದು.

ಕಠಿಣ ಶಿಕ್ಷೆ ಬೇಕು ಎನ್ನುವವರ ನೋವು ಅರ್ಥವಾಗುವಂಥದ್ದು. ಅಮೆರಿಕದ ಎಷ್ಟೋ ಶಾಲೆಗಳು ಇದನ್ನು ಮಾಡಿ ನೋಡಿದವು. ಸಣ್ಣ ತಪ್ಪಿಗೂ ಅಮಾನತು ಎಂಬ ನಿಯಮ ತಂದವು. 2008ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಕಾರ್ಯಪಡೆ ಈ ಪದ್ಧತಿಯನ್ನು ಪರಿಶೀಲಿಸಿ, ಇದರಿಂದ ಶಾಲೆಗಳು ಸುರಕ್ಷಿತವಾದವು ಎಂದು ಹೇಳಲು ಆಧಾರವಿಲ್ಲ ಎಂದಿತು. ಕಾರಣ ಊಹಿಸುವುದು ಕಷ್ಟವಲ್ಲ. ಶಿಕ್ಷೆ ದೊಡ್ಡದಾದಷ್ಟೂ ಮಕ್ಕಳು ಹೇಳಲು ಹೆದರುತ್ತಾರೆ. "ನನ್ನಿಂದ ಅವನನ್ನು ಶಾಲೆಯಿಂದ ತೆಗೆದುಬಿಡ್ತಾರೆ" ಎಂಬ ಭಾರವನ್ನು ಎಂಟು ವರ್ಷದ ಮಗು ಹೊರಲಾರದು.

ಇನ್ನು ಶಿಕ್ಷಕರ ಮಾತು. "ಕಲಿಕಾ ಗುರಿ, ಸಮೀಕ್ಷೆ, ಆನ್‌ಲೈನ್ ದಾಖಲಾತಿ, ಇದರ ಮೇಲೆ ಇನ್ನೊಂದು ಚಟುವಟಿಕೆಯ ಪುಸ್ತಕ ಬೇಡ" ಎನ್ನುತ್ತಾರೆ. ಇದನ್ನು ನೆಪ ಎಂದು ತಳ್ಳಿಹಾಕಬಾರದು. ಹೊಸ ಪಿರಿಯಡ್ ಕೇಳುವ ಯಾವ ಯೋಜನೆಯೂ ನಮ್ಮಲ್ಲಿ ಎರಡನೇ ವರ್ಷ ಕಾಣುವುದು ಕಷ್ಟ.

ಸುತ್ತ ನಿಂತವರ ಲೆಕ್ಕ

ಕಾಟ ಎಂದಾಗ ನಮ್ಮ ಕಣ್ಣಿಗೆ ಬರುವುದು ಇಬ್ಬರು ಮಕ್ಕಳು. ಕೊಡುವವನು, ಪಡುವವನು. ಕೆನಡಾದ ಸಂಶೋಧಕರಾದ ಡೆಬ್ರಾ ಪೆಪ್ಲರ್ ಮತ್ತು ವೆಂಡಿ ಕ್ರೇಗ್ ಅವರ ತಂಡ ಈ ಚಿತ್ರವನ್ನೇ ಬದಲಿಸಿತು. ಅವರು ಟೊರೊಂಟೊದ ಶಾಲಾ ಮೈದಾನಗಳಲ್ಲಿ ದೂರದಿಂದ ವಿಡಿಯೊ ಮಾಡಿದರು. ಮಕ್ಕಳ ಮೈಮೇಲೆ ಸಣ್ಣ ಮೈಕುಗಳಿದ್ದವು. ಒಂದರಿಂದ ಆರನೇ ತರಗತಿಯವರೆಗಿನ ಮಕ್ಕಳ ಈ ದಾಖಲೆಯ ಮೇಲೆ 2001ರಲ್ಲಿ ಪ್ರಬಂಧ ಬಂತು. ಕಾಟ ನಡೆದ 100 ಸಂದರ್ಭಗಳಲ್ಲಿ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಅವರು ನಡುವೆ ಬಂದು ತಡೆದದ್ದು 100ಕ್ಕೆ 19 ಸಲ ಮಾತ್ರ. ಆದರೆ ಹಾಗೆ ತಡೆದಾಗ, ಅರ್ಧಕ್ಕಿಂತ ಜಾಸ್ತಿ ಸಲ, ಅಂದರೆ 57 ಶೇಕಡಾ, ಕಾಟ 10 ಸೆಕೆಂಡಿನೊಳಗೆ ನಿಂತುಹೋಯಿತು.

ಹತ್ತು ಸೆಕೆಂಡು! ಯಾವ ಹೆಡ್‌ಮಾಸ್ಟರ ನೋಟಿಸೂ ಇಷ್ಟು ಬೇಗ ಕೆಲಸ ಮಾಡುವುದಿಲ್ಲ.

ಯಾಕೆ ಹೀಗೆ? ಚಿಕ್ಕ ಮಕ್ಕಳ ಕಾಟ ಹೆಚ್ಚಾಗಿ ಒಂದು ಪ್ರದರ್ಶನ. ಸೋಡಾಬುಡ್ಡಿ ಎಂದು ಒಬ್ಬ ಕೂಗಿದಾಗ ಉಳಿದವರು ನಕ್ಕರೆ ಅವನಿಗೆ ಸಂಬಳ ಸಿಕ್ಕಂತೆ. ನಾಳೆ ಮತ್ತೆ ಕೂಗುತ್ತಾನೆ. ಯಾರೂ ನಗಲಿಲ್ಲ, ಬದಲಿಗೆ ಒಬ್ಬಳು ಹೋಗಿ ಕನ್ನಡಕದ ಹುಡುಗಿಯ ಪಕ್ಕ ಕೂತಳು ಎಂದರೆ, ಆ ಕೂಗಿಗೆ ಬೆಲೆಯೇ ಇಲ್ಲ. ಫಿನ್‌ಲ್ಯಾಂಡಿನ ಸಂಶೋಧಕಿ ಕ್ರಿಸ್ಟೀನಾ ಸಾಲ್ಮಿವಾಲ್ಲಿ 1996ರಲ್ಲೇ ತಂಡದ ಜೊತೆ ಈ ಪಾತ್ರಗಳನ್ನು ವಿಂಗಡಿಸಿದ್ದರು. ಕೈಹಿಡಿದು ಕಾಟಕ್ಕೆ ನೆರವಾಗುವವನು, ನಕ್ಕು ಹುರಿದುಂಬಿಸುವವನು, ಸುಮ್ನೆ ನೋಡುವವನು, ಕಾಟ ಪಡುವ ಮಗುವಿನ ಪರ ನಿಲ್ಲುವವನು. ಮಕ್ಕಳು ಒಂದೇ ಪಾತ್ರದಲ್ಲಿ ಗಂಟುಬಿದ್ದಿರುವುದಿಲ್ಲ. ಪಾತ್ರ ಬದಲಿಸಬಹುದು, ಅದರಲ್ಲೂ ನೋಡುವವರ ಪಾತ್ರವನ್ನು ಬದಲಿಸುವುದು ಸುಲಭ.

ಇದೇ ತಿಳಿವಳಿಕೆಯ ಮೇಲೆ ಟುರ್ಕು ವಿಶ್ವವಿದ್ಯಾಲಯದಲ್ಲಿ ಕಿವಾ ಎಂಬ ಕಾರ್ಯಕ್ರಮ ರೂಪುಗೊಂಡಿತು. 2009ರಲ್ಲಿ ಫಿನ್‌ಲ್ಯಾಂಡಿನ ಎಲ್ಲ ಕಡೆಯ ಶಾಲೆಗಳಿಗೆ ಅದು ಹೋಯಿತು. ಕಿವಾ ಎಂದರೆ ಫಿನ್ನಿಶ್ ಮಾತಿನಲ್ಲಿ ಚೆನ್ನಾಗಿರುವುದು, ಇಷ್ಟವಾಗುವಂಥದ್ದು. ತರಗತಿಯ ಶಿಕ್ಷಕರೇ ಪಾಠ ಮಾಡುತ್ತಾರೆ. ನಟನೆ, ಗುಂಪು ಕೆಲಸ, ಚರ್ಚೆ ಇರುತ್ತದೆ. ಪ್ರಕರಣ ನಡೆದಾಗ ಶಾಲೆಯ ಸಣ್ಣ ತಂಡವೊಂದು ಕಾಟ ಪಟ್ಟ ಮಗುವಿನ ಜೊತೆ ಬೇರೆಯಾಗಿ, ಕೊಟ್ಟ ಮಕ್ಕಳ ಜೊತೆ ಬೇರೆಯಾಗಿ ಮಾತಾಡುತ್ತದೆ. ಆಮೇಲೆ ತರಗತಿಯ ಎರಡು ಮೂರು ಮಕ್ಕಳಿಗೆ ಆ ಮಗುವಿನ ಜೊತೆಗಿರುವ ಕೆಲಸ ಒಪ್ಪಿಸುತ್ತಾರೆ.

ನಿರೀಕ್ಷೆ ಎಷ್ಟಿರಬೇಕು ಎಂಬುದನ್ನೂ ಹೇಳಬೇಕು. ಹಲವು ದೇಶಗಳ 100 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2019ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಇಂಥ ಕಾರ್ಯಕ್ರಮಗಳಿಂದ ಕಾಟ ಕೊಡುವುದು 19ರಿಂದ 20 ಶೇಕಡಾ, ಕಾಟ ಪಡುವುದು 15ರಿಂದ 16 ಶೇಕಡಾ ಕಡಿಮೆಯಾಗುತ್ತದೆ. ಅಂದರೆ ಹೆಚ್ಚುಕಡಿಮೆ ಐದಾರರಲ್ಲಿ ಒಂದು. ಪೂರ್ತಿ ನಿಂತುಹೋಗುತ್ತದೆ ಎಂದು ಮಾತು ಕೊಡುವ ಶಾಲೆಯನ್ನು ನಂಬಬೇಡಿ. ಹಾಗೆಂದು ಐದಾರರಲ್ಲಿ ಒಂದು ಕಡಿಮೆಯೂ ಅಲ್ಲ. ಆ ಒಂದು, ಯಾರದೋ ಮನೆಯ ಮಗು.

ಮುದುಡಿದ ಹಾಳೆ, ಎರಡು ಸೇಬು

ಈಗ ರೀಲ್ಸ್‌ನಲ್ಲಿ ಹೆಚ್ಚು ಓಡುವ ಚಟುವಟಿಕೆಗಳನ್ನು ನೋಡೋಣ. ಟೀಚರ್ ಕಾಗದದ ಹೃದಯವೊಂದನ್ನು ತರುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಅದಕ್ಕೆ ಬೈದು ಮುದುಡಬೇಕು. ಆಮೇಲೆ "ಸಾರಿ" ಎಂದು ಬಿಡಿಸಬೇಕು. ಮಡಿಕೆಗಳು ಉಳಿದಿರುತ್ತವೆ. ನೋಡಿ, ಮಾತು ಇಷ್ಟು ನೋಯಿಸುತ್ತದೆ ಎಂದು ಪಾಠ. ಎರಡು ಸೇಬಿನದೂ ಹೀಗೇ, ಒಂದನ್ನು ಬೈಯುತ್ತಾರೆ, ಇನ್ನೊಂದನ್ನು ಹೊಗಳುತ್ತಾರೆ. ಎಲ್ಲರೂ ಬೈದ ಸೇಬನ್ನು ಕೊಯ್ದರೆ ಒಳಗೆ ಕಂದಿರುತ್ತದೆ. ಟೀಚರ್ ಮೊದಲೇ ಅದನ್ನು ನೆಲಕ್ಕೆ ತಟ್ಟಿ ತಂದಿರುತ್ತಾರೆ.

ಉದ್ದೇಶ ಒಳ್ಳೆಯದು. ಆದರೆ ಮಗುವಿನ ಕಡೆಯಿಂದ ನೋಡಿದರೆ ಎರಡು ತೊಡಕುಗಳಿವೆ. ಆರು ವರ್ಷದ ಮಕ್ಕಳು ಅಲ್ಲಿ ನಿಜವಾಗಿ ಅಭ್ಯಾಸ ಮಾಡಿದ್ದು ಬೈಯುವುದನ್ನು, ಅದೂ ಸಾಲಾಗಿ ನಿಂತು, ಟೀಚರ್ ಅಪ್ಪಣೆಯಿಂದ. ಇನ್ನೊಂದು ಇದಕ್ಕಿಂತ ಗಂಭೀರ. ಆ ತರಗತಿಯಲ್ಲಿ ನಿಜಕ್ಕೂ ಕಾಟ ಅನುಭವಿಸುತ್ತಿರುವ ಮಗು ಕೂತಿರುತ್ತದೆ. ಅದಕ್ಕೆ ಸಿಗುವ ಸಂದೇಶ, ನೀನು ಮುದುಡಿದ ಹಾಳೆ, ಇನ್ನು ಮೊದಲಿನಂತೆ ಆಗುವುದಿಲ್ಲ ಎಂದು. ಇದು ಸುಳ್ಳು, ಮಕ್ಕಳು ಚೇತರಿಸಿಕೊಳ್ಳುತ್ತಾರೆ. ನೋವು ತೋರಿಸುವುದರಲ್ಲೇ ಈ ಚಟುವಟಿಕೆ ಮುಗಿದುಬಿಡುತ್ತದೆ. ನೋಡುತ್ತ ನಿಂತ ನಾನು ಏನು ಮಾಡಲಿ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ.

"ಇಬ್ಬರೂ ಕೈಕುಲುಕಿ, ಸಾರಿ ಹೇಳಿ" ಎಂಬ ಪದ್ಧತಿಯೂ ಇಂಥದೇ. ಸಮಬಲದವರ ಜಗಳಕ್ಕೆ ಅದು ಸರಿ. ಕಾಟಕ್ಕೆ ಸರಿಯಲ್ಲ. ಹೆದರಿದ ಮಗು ಎದುರಿಗೆ ನಿಂತು ಏನನ್ನೂ ಹೇಳುವುದಿಲ್ಲ. ಅದೂ ಕೈ ಮುಂದೆ ಚಾಚಬೇಕು ಎಂದರೆ ತಪ್ಪು ಅರ್ಧ ತನ್ನದೂ ಎಂದು ಒಪ್ಪಿದಂತೆ ಆಗುತ್ತದೆ.

ತರಗತಿಯಲ್ಲಿ ಫಲ ಕೊಡುವುದು

ಒಂದು ಸರಳ ಪ್ರಯೋಗದಿಂದ ಶುರುಮಾಡೋಣ. ಕೆನಡಾದ ವ್ಯಾಂಕೂವರ್‌ನಲ್ಲಿ 19 ತರಗತಿಗಳ 9ರಿಂದ 11 ವರ್ಷದ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ಸಲ ಯಾರಿಗಾದರೂ ಒಂದು ಒಳ್ಳೆಯ ಕೆಲಸ ಮಾಡಬೇಕು. ಇನ್ನೊಂದು ಗುಂಪು ವಾರಕ್ಕೆ ಮೂರು ಸಲ ತಮಗಿಷ್ಟದ ಜಾಗಕ್ಕೆ ಹೋಗಿಬರಬೇಕು. ನಾಲ್ಕು ವಾರ ನಡೆಯಿತು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ಗುಂಪಿನ ಮಕ್ಕಳು ಹೆಚ್ಚು ಖುಷಿಯಾಗಿದ್ದರು. ಆದರೆ "ಯಾರ ಜೊತೆ ಕೆಲಸ ಮಾಡಲು ಇಷ್ಟ" ಎಂದು ತರಗತಿಯಲ್ಲಿ ಕೇಳಿದಾಗ, ಒಳ್ಳೆಯ ಕೆಲಸ ಮಾಡಿದ ಮಕ್ಕಳ ಹೆಸರು ಹೆಚ್ಚು ಏರಿತ್ತು. ಈ ಪ್ರಯೋಗ ಕಾಟವನ್ನು ನೇರವಾಗಿ ಅಳೆಯಲಿಲ್ಲ. ಆದರೆ ಒಂಟಿ ಮಗುವೇ ಕಾಟಕ್ಕೆ ಮೊದಲು ಸಿಕ್ಕಿಬೀಳುವುದು. ಹಾಗಾಗಿ ಹೆಚ್ಚು ಮಕ್ಕಳಿಗೆ ಜೊತೆ ಸಿಗುವಂತೆ ಮಾಡುವುದು ತಡೆಯ ಮೊದಲ ಹೆಜ್ಜೆಯೇ.

ಇಲ್ಲಿ ಗಮನಿಸಬೇಕಾದದ್ದು, ಮಕ್ಕಳು ದಯೆಯ ಬಗ್ಗೆ ಕೇಳಿಸಿಕೊಳ್ಳಲಿಲ್ಲ, ಮಾಡಿದರು. ಮತ್ತೆ ಮತ್ತೆ ಮಾಡಿದರು. ಕಾಟ ಅಭ್ಯಾಸದಿಂದ ಬೆಳೆಯುತ್ತದೆ. ಅದನ್ನು ತಡೆಯುವುದಕ್ಕೂ ಅಭ್ಯಾಸವೇ ಬೇಕು. ವರ್ಷಕ್ಕೊಂದು ದಿನ ಚಾರ್ಟ್ ಅಂಟಿಸಿದರೆ ಆಗುವುದಿಲ್ಲ.

ಈಗ ನೋಡುವವರನ್ನು ತಯಾರು ಮಾಡುವ ಒಂದು ಚಟುವಟಿಕೆಯನ್ನು ಹತ್ತಿರದಿಂದ ನೋಡೋಣ. ಎರಡನೇ ತರಗತಿ ಎಂದುಕೊಳ್ಳಿ. ಟೀಚರ್ ಕೈಗೆ ಹಳೆಯ ಕಾಲುಚೀಲದ ಎರಡು ಬೊಂಬೆ ಹಾಕಿಕೊಂಡಿದ್ದಾರೆ. ಒಂದು ಬೊಂಬೆ ಇನ್ನೊಂದಕ್ಕೆ "ನಿನ್ನನ್ನ ಆಟಕ್ಕೆ ಸೇರಿಸ್ಕೊಳ್ಳಲ್ಲ, ಹೋಗು" ಎನ್ನುತ್ತದೆ. ಬೈಯುವ ಕೆಲಸ ಬೊಂಬೆಗೇ ಇರಲಿ, ಯಾವ ಮಗುವಿಗೂ ಆ ಪಾತ್ರ ಬೇಡ. ಟೀಚರ್ ಅಲ್ಲಿಗೇ ನಿಲ್ಲಿಸುತ್ತಾರೆ. "ಈಗ ನೀವೆಲ್ಲ ಅಲ್ಲೇ ಇದ್ದೀರಿ. ಏನು ಮಾಡ್ತೀರಿ?" ಮೊದಲು ಬರುವ ಉತ್ತರ "ಮಿಸ್‌ಗೆ ಹೇಳ್ತೀನಿ" ಎಂಬುದು. ಸರಿ, ಒಳ್ಳೆಯದು. "ಮಿಸ್ ಇಲ್ಲ, ಆಫೀಸ್ ರೂಮಿಗೆ ಹೋಗಿದಾರೆ. ಈಗ?" ಎರಡನೇ ಉತ್ತರ "ಹೊಡೀತೀನಿ". "ಹೊಡೆದರೆ ಎರಡು ಬೊಂಬೆಗೂ ನೋವು. ಬೇರೆ?" ಇಲ್ಲಿ ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ. ಆಗ ಯಾರೋ ಒಬ್ಬಳು ಎದ್ದು ಬಂದು ಅಳುವ ಬೊಂಬೆಯನ್ನು ಮುಟ್ಟಿ "ಬಾ, ನಾವಿಬ್ರೂ ಬೇರೆ ಆಟ ಆಡೋಣ" ಎಂದಳೋ, ಪಾಠ ಆಯಿತು. ಉಳಿದವರೂ ಒಬ್ಬೊಬ್ಬರಾಗಿ ಬಂದು ಅದೇ ಮಾತು ಹೇಳಲಿ, ಬಾಯಿಪಾಠವಾಗುವಷ್ಟು. ಮಗ್ಗಿ ಹೀಗೇ ಕಲಿಯುವುದಲ್ವಾ? ನಿಜವಾದ ಸಂದರ್ಭದಲ್ಲಿ ಮಗುವಿಗೆ ಯೋಚಿಸಲು ಸಮಯ ಇರುವುದಿಲ್ಲ. ಬಾಯಿಗೆ ಬಂದದ್ದೇ ಹೊರಗೆ ಬರುತ್ತದೆ.

ಕಾಟ ಕೊಡುವವನನ್ನು ಎದುರಿಸು ಎಂದು ಚಿಕ್ಕವರಿಗೆ ಹೇಳಿಕೊಡಬಾರದು. ಅದು ಅಪಾಯ. ನೊಂದ ಮಗುವಿನ ಪಕ್ಕ ಹೋಗಿ ನಿಲ್ಲುವುದು ಮಾತ್ರ ಅವರ ಕೆಲಸ.

ಇದರ ಜೊತೆಗೇ ಬಿಡಿಸಬೇಕಾದ ಗಂಟು ಚಾಡಿಯದು. ನಮ್ಮಲ್ಲಿ "ಚಾಡಿ ಹೇಳಬಾರದು" ಎಂಬುದು ಮಕ್ಕಳಿಗೆ ಮೊದಲು ಕಲಿಸುವ ನೀತಿ. ಅದೇ ನೀತಿ ಕಾಟ ಪಡುವ ಮಗುವಿನ ಬಾಯಿ ಕಟ್ಟುತ್ತದೆ. ಐದು ವರ್ಷದ ಮಗುವಿಗೂ ಅರ್ಥವಾಗುವಂತೆ ವ್ಯತ್ಯಾಸ ಹೇಳಬಹುದು. ಒಬ್ಬರಿಗೆ ಬೈಸಬೇಕು ಎಂದು ಹೇಳುವುದು ಚಾಡಿ. ಒಬ್ಬರಿಗೆ ನೋವಾಗುವುದನ್ನು ನಿಲ್ಲಿಸಬೇಕು ಎಂದು ಹೇಳುವುದು ಸಹಾಯ. "ಮಿಸ್, ಅವನು ಹೋಂವರ್ಕ್ ಮಾಡಿಲ್ಲ", "ಮಿಸ್, ಅವಳ ಡಬ್ಬಿ ದಿನಾ ಕಿತ್ಕೊಳ್ತಾರೆ". ಯಾವುದು ಯಾವುದು ಎಂದು ಇಂಥ ಹತ್ತು ವಾಕ್ಯ ಕೊಟ್ಟು ಮಕ್ಕಳಿಂದಲೇ ಬೇರೆ ಮಾಡಿಸಿ. ಹದಿನೈದು ನಿಮಿಷ ಸಾಕು. ಆದರೆ ಆಮೇಲೆ ಬಂದು ಹೇಳಿದ ಮಗುವನ್ನು ಟೀಚರ್ ಗದರಿಸಿ ಕಳಿಸಿದರೆ ಅಷ್ಟೂ ನೀರಲ್ಲಿ ಹೋಮ.

ಆಟದ ಮೈದಾನದಲ್ಲಿ ಇನ್ನೂ ಸುಲಭದ ಕೆಲಸಗಳಿವೆ. ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಕರೆದು ತಂಡ ಕಟ್ಟುವುದನ್ನು ನಿಲ್ಲಿಸಿ. ಅಲ್ಲಿ ಕೊನೆಗೆ ಉಳಿಯುವವರು ದಿನವೂ ಅದೇ ಇಬ್ಬರು. ಹಳ್ಳಿಯ ಲಗೋರಿ, ಕಬಡ್ಡಿಗಳಲ್ಲಿ ಇದಕ್ಕೊಂದು ಹಳೆಯ ಉಪಾಯ ಇತ್ತು. ಮಕ್ಕಳು ಹೆಚ್ಚುಕಡಿಮೆ ಸಮಬಲದವರನ್ನು ನೋಡಿ ಜೋಡಿ ಕಟ್ಟಿಕೊಂಡು ದೂರ ಹೋಗಿ ಗುಟ್ಟಿನ ಹೆಸರು ಇಟ್ಟುಕೊಂಡು ಬರುತ್ತಾರೆ. "ಮಾವಿನಕಾಯಿ ಬೇಕೋ, ಹಲಸಿನಕಾಯಿ ಬೇಕೋ?" ಕ್ಯಾಪ್ಟನ್ ಹೆಸರನ್ನು ಆರಿಸುತ್ತಾನೆ, ಮಗುವನ್ನಲ್ಲ. ಯಾರೂ ಕೊನೆಯವರಾಗುವುದಿಲ್ಲ, ತಂಡಗಳೂ ಸಮ ಆಗುತ್ತವೆ. ಕೆರೆ-ದಡ ಆಟದಲ್ಲಿ ಔಟಾದವರು ಸುಮ್ನೆ ಮೂಲೆಯಲ್ಲಿ ನಿಲ್ಲುವ ಬದಲು ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದು ಅಲ್ಲಿ ಆಟ ಮುಂದುವರಿಸಲಿ. ಮ್ಯೂಸಿಕಲ್ ಚೇರ್‌ನಲ್ಲಿ ಕುರ್ಚಿ ಮಾತ್ರ ತೆಗೆಯಿರಿ, ಮಗುವನ್ನು ತೆಗೆಯಬೇಡಿ. ಉಳಿದ ಕುರ್ಚಿಗಳ ಮೇಲೆ ಎಲ್ಲರೂ ಹೇಗೋ ಒತ್ತಿಕೊಂಡು ಕೂರಬೇಕು. ಕೊನೆಗೆ ಒಂದೇ ಕುರ್ಚಿಗೆ ಇಡೀ ತರಗತಿ ಮುತ್ತಿಕೊಂಡು ನಗುತ್ತಿರುತ್ತದೆ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಮಾತನ್ನು ನಾವು ಬೇರೆ ಬೇರೆ ಕಡೆ ಬಳಸುತ್ತೇವೆ. ಅದರ ಮೂಲ ಮಕ್ಕಳ ಆಟದ ಕರುಣೆ. ತೀರ ಚಿಕ್ಕ ಮಗುವನ್ನೂ ಬಿಡದೆ ಸೇರಿಸಿಕೊಳ್ಳಲು ಮಕ್ಕಳೇ ಕಂಡುಕೊಂಡ ನಿಯಮ ಅದು. ಅದೇ ಎರಡನೇ ತರಗತಿಯ ಮಗು ಜೂನ್‌ನಿಂದ ಮಾರ್ಚ್‌ವರೆಗೆ ಲೆಕ್ಕಕ್ಕಿಲ್ಲದೆ ಕೂತರೆ, ಕರುಣೆಯ ಆ ನಿಯಮವೇ ಶಿಕ್ಷೆಯಾಗುತ್ತದೆ.

ಅಂಥ ಮಗು ಯಾರು ಎಂದು ಪತ್ತೆ ಮಾಡುವುದು ಹೇಗೆ? ತಿಂಗಳಿಗೊಮ್ಮೆ ಪ್ರತಿ ಮಗುವನ್ನೂ ಬೇರೆಯಾಗಿ ಕರೆದು "ಯಾರ ಪಕ್ಕ ಕೂರಲು ಇಷ್ಟ? ಇಬ್ಬರ ಹೆಸರು ಹೇಳು" ಎಂದು ಕೇಳಿ, ಬರೆದಿಟ್ಟುಕೊಳ್ಳಿ. ಯಾರ ಬಾಯಲ್ಲೂ ಬರದ ಹೆಸರನ್ನು ನೋಡಿ. ಆ ಮಗುವಿಗೆ ಮುಂದಿನ ತಿಂಗಳು ತರಗತಿಗೆ ಬೇಕೇಬೇಕಾದ ಒಂದು ಕೆಲಸ ಕೊಡಿ, ಮೃದು ಸ್ವಭಾವದ ಒಬ್ಬರ ಪಕ್ಕ ಕೂರಿಸಿ. ಈ ಪಟ್ಟಿ ಮಾತ್ರ ಟೀಚರ್ ಬ್ಯಾಗಿನಿಂದ ಹೊರಗೆ ಬರಬಾರದು.

ಬೆಂಚು ತಿರುಗಿಸಿದರೆ ಸಾಕೇ?

2025ರಲ್ಲಿ ಮಲಯಾಳಂ ಸಿನಿಮಾವೊಂದರ ಪ್ರಭಾವದಿಂದ ಕೇರಳದ ಕೆಲವು ಶಾಲೆಗಳು ಹಿಂದಿನ ಬೆಂಚು ಎಂಬುದೇ ಬೇಡ ಎಂದು ಬೆಂಚುಗಳನ್ನು ಗೋಡೆಯುದ್ದಕ್ಕೂ ಮೂರು ಕಡೆ ಜೋಡಿಸಿದವು. ತಮಿಳುನಾಡಿನಲ್ಲಿ ಅದೇ ಜುಲೈನಲ್ಲಿ ಇಂಥ ಸೂಚನೆ ಹೊರಬಂದು, ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ತಡೆಹಿಡಿಯಲಾಯಿತು. ಪಕ್ಕಕ್ಕೆ ತಿರುಗಿ ಬೋರ್ಡ್ ನೋಡಿದರೆ ಕುತ್ತಿಗೆ, ಕಣ್ಣಿಗೆ ತ್ರಾಸ, ಐವತ್ತು ಮಕ್ಕಳ ಕೋಣೆಯಲ್ಲಿ ಜಾಗವೆಲ್ಲಿ ಎಂಬ ಆಕ್ಷೇಪಗಳು ನ್ಯಾಯವಾದವೇ.

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಇದು ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪಾಗಿ ಕೂರುತ್ತಾರೆ, ಟೀಚರ್ ಅವರ ನಡುವೆ ಕೂರುತ್ತಾರೆ. ಗುಂಪುಗಳಲ್ಲಿ ಕೆಲವು ಟೀಚರ್ ಸಹಾಯದವು, ಕೆಲವು ಸಹಪಾಠಿಗಳ ಸಹಾಯದವು. ದೊಡ್ಡ ಮಗು ಚಿಕ್ಕ ಮಗುವಿಗೆ ಹೇಳಿಕೊಡುವುದು ಅಲ್ಲಿ ದಿನದ ಕೆಲಸದ ಭಾಗ. ಓದಿನ ಮಟ್ಟದಲ್ಲಿ ನಲಿಕಲಿ ಎಷ್ಟು ಫಲ ಕೊಟ್ಟಿದೆ ಎಂಬುದು ಬೇರೆ ಚರ್ಚೆ. ಆದರೆ ಕಾಟ ತಡೆಯುವ ದೃಷ್ಟಿಯಿಂದ ಅದು ಮೊದಲೇ ಕೈಯಲ್ಲಿರುವ ಅನುಕೂಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ಸಾಲು ಬೆಂಚು, ರ‍್ಯಾಂಕು, ಹಿಂದೆ ಮುಂದೆ ಶುರುವಾಗುತ್ತವೆ. ಅನುಕೂಲ ಕೈಜಾರುವುದು ಅಲ್ಲಿ.

ಬೆಂಚಿನ ಆಕಾರಕ್ಕಿಂತ ಪಕ್ಕದಲ್ಲಿ ಯಾರು ಕೂರುತ್ತಾರೆ, ಎಷ್ಟು ದಿನಕ್ಕೊಮ್ಮೆ ಬದಲಾಗುತ್ತಾರೆ ಎಂಬುದು ಮುಖ್ಯ. ಎರಡು ವಾರಕ್ಕೊಮ್ಮೆ ಜೋಡಿ ಬದಲಿಸಲು ಕಾಸು ಖರ್ಚಿಲ್ಲ.

ಟೀಚರ್ ಮಾತನ್ನೇ ಮಕ್ಕಳು ಎತ್ತಿಕೊಳ್ಳುತ್ತಾರೆ

ಚಿಕ್ಕ ಮಕ್ಕಳು ಯಾರನ್ನು ಗೇಲಿ ಮಾಡಬಹುದು ಎಂಬುದನ್ನು ದೊಡ್ಡವರನ್ನು ನೋಡಿಯೇ ಕಲಿಯುತ್ತಾರೆ. ಬೆಳಿಗ್ಗೆ ಟೀಚರ್ ಒಬ್ಬನನ್ನು ನಿಲ್ಲಿಸಿ "ಏನೋ ದಡ್ಡ, ಇದೂ ಬರಲ್ವಾ" ಎಂದರೆ, ಮಧ್ಯಾಹ್ನದ ಹೊತ್ತಿಗೆ ಅವನ ಅಡ್ಡಹೆಸರು ಅದೇ ಆಗಿರುತ್ತದೆ. ಎಲ್ಲರ ಎದುರು ಅವಮಾನಿಸುವುದನ್ನು ಸಂಸ್ಥೆಗಳು ಬಿಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿರುವುದಕ್ಕೆ ಕಾಟದ ಜೊತೆ ಇರುವ ನಂಟು ಇದೇ.

ಮನೆಯದೂ ಪಾಲಿದೆ. ಬಣ್ಣ, ಜಾತಿ, ಭಾಷೆಯ ಗೇಲಿ ಶಾಲೆಯಲ್ಲಿ ಹುಟ್ಟುವುದಿಲ್ಲ. ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರ ಮಗುವಿನ ಮಾತಿನ ಧಾಟಿಯನ್ನು ಅಣಕಿಸುವುದು ಆರು ವರ್ಷದವರಿಗೆ ತಾನಾಗಿ ಹೊಳೆಯುವುದಲ್ಲ. ಜಾತಿಯ ಕಾಟ ದೊಡ್ಡ ತರಗತಿಗೆ ಹೋದಾಗ ಏನಾಗಬಹುದು ಎಂಬುದನ್ನು 2023ರ ಆಗಸ್ಟ್‌ನಲ್ಲಿ ತಮಿಳುನಾಡಿನ ನಾಂಗುನೇರಿ ತೋರಿಸಿತು. ಅಲ್ಲಿ ದಲಿತ ವಿದ್ಯಾರ್ಥಿ ಮತ್ತು ಅವನ ತಂಗಿಯ ಮೇಲೆ ಶಾಲೆಯ ಹುಡುಗರೇ ಮನೆಗೆ ನುಗ್ಗಿ ಹಲ್ಲೆ ಮಾಡಿದ್ದರು. ಅಷ್ಟು ಬೆಳೆದ ದ್ವೇಷಕ್ಕೆ ಬೊಂಬೆಯಾಟ ಮದ್ದಲ್ಲ, ಕಾನೂನೇ ಬೇಕು. ಒಂದನೇ ತರಗತಿಯಲ್ಲಿ ಜೋಡಿ ಬದಲಿಸಿ ಕೂರಿಸುವುದು ಅದಕ್ಕೆ ಹತ್ತು ವರ್ಷ ಮೊದಲಿನ ಕೆಲಸ.

ಮುಂದೇನಾಗಬಹುದು

ಆದೇಶಗಳ ಒತ್ತಡಕ್ಕೆ ಹೆಚ್ಚಿನ ಶಾಲೆಗಳು ಸುಲಭದ ದಾರಿ ಹಿಡಿಯುವ ಸಾಧ್ಯತೆ ಇದೆ. ಒಂದು ಸಮಿತಿ, ಒಂದು ದೂರು ಪೆಟ್ಟಿಗೆ, ಒಂದು ಫ್ಲೆಕ್ಸ್. ಬರೆಯಲು ಬಾರದ ಒಂದನೇ ತರಗತಿಯ ಮಗುವಿಗೆ ದೂರು ಪೆಟ್ಟಿಗೆಯಿಂದ ಏನೂ ಪ್ರಯೋಜನವಿಲ್ಲ. ಆ ಮಗುವಿಗೆ ಬೇಕಾದದ್ದು ದಿನದಲ್ಲಿ ಐದು ನಿಮಿಷ ಕೇಳಿಸಿಕೊಳ್ಳುವ ಒಬ್ಬ ದೊಡ್ಡವರು.

ಪೋಷಕರು ಮುಂದಿನ ಸಭೆಯಲ್ಲಿ "ನಿಮ್ಮಲ್ಲಿ ಕಾಟ ಇದೆಯಾ" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ. ಬದಲಿಗೆ ಹೀಗೆ ಕೇಳಿ. ಆಟದ ಬಿಡುವಿನಲ್ಲಿ ಮೈದಾನದಲ್ಲಿ ಯಾರು ಇರುತ್ತಾರೆ? ಶೌಚಾಲಯದ ಹತ್ತಿರ, ಶಾಲಾ ವ್ಯಾನಿನಲ್ಲಿ ಯಾರು ನೋಡಿಕೊಳ್ಳುತ್ತಾರೆ? ಮಗು ದೂರು ಹೇಳಿದ ಮೇಲೆ ಎಷ್ಟು ದಿನಕ್ಕೆ ಮತ್ತೆ ವಿಚಾರಿಸುತ್ತೀರಿ? ಮನೆಯಲ್ಲಿ ಮಗು ಇದ್ದಕ್ಕಿದ್ದಂತೆ ಶಾಲೆಗೆ ಹೋಗಲ್ಲ ಎನ್ನುವುದು, ಬೆಳಿಗ್ಗೆ ಮಾತ್ರ ಹೊಟ್ಟೆನೋವು, ಸಾಮಾನು ಕಳೆಯುವುದು ಜಾಸ್ತಿಯಾದರೆ ಗದರಿಸದೆ ಕೇಳಿ. ತುರ್ತು ಇದ್ದಾಗ ಮಕ್ಕಳ ಸಹಾಯವಾಣಿ 1098 ಇದೆ. ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416 ಇದೆ, ಕನ್ನಡದಲ್ಲೂ ಮಾತಾಡಬಹುದು.

ಇನ್ನೊಂದು ಪರಿಣಾಮಕ್ಕೆ ಎಲ್ಲರೂ ಮೊದಲೇ ಸಿದ್ಧರಿರಬೇಕು. ಶಾಲೆಯೊಂದು ಈ ಕೆಲಸವನ್ನು ಮನಸ್ಸಿಟ್ಟು ಶುರುಮಾಡಿದರೆ ಮೊದಲ ಕೆಲವು ತಿಂಗಳು ದೂರುಗಳು ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಹೇಳಿದರೆ ಕೇಳುತ್ತಾರೆ ಎಂದು ಗೊತ್ತಾದ ಮೇಲೆ ಮಕ್ಕಳು ಹೇಳತೊಡಗುತ್ತಾರೆ, ಅಷ್ಟೇ. ಆದರೆ ರಿಜಿಸ್ಟರ್‌ನಲ್ಲಿ ಸಂಖ್ಯೆ ಏರಿದ್ದನ್ನು ನೋಡಿ ಆಡಳಿತ ಮಂಡಳಿ ಹೆದರಬಹುದು. ಅಧಿಕಾರಿಗಳು ಸೊನ್ನೆ ದೂರಿನ ಶಾಲೆಯನ್ನು ಹೊಗಳಬಹುದು. ಪೋಷಕರು "ಈ ಶಾಲೆಯಲ್ಲಿ ಗಲಾಟೆ ಜಾಸ್ತಿ" ಎಂದು ಮಗುವನ್ನು ಬಿಡಿಸಬಹುದು. ಆಗ ಶಿಕ್ಷಕರು ಮತ್ತೆ "ಹೋಗ್ಲಿ ಬಿಡು" ಎನ್ನತೊಡಗುತ್ತಾರೆ, ದೂರುಗಳೂ ಸೊನ್ನೆಗೆ ಬರುತ್ತವೆ. ಅದಕ್ಕೇ ಮೊದಲ ವರ್ಷ ದೂರುಗಳ ಸಂಖ್ಯೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬಾರದು. ಬಂದ ಪ್ರತಿ ದೂರನ್ನೂ ಎಷ್ಟು ಬೇಗ ವಿಚಾರಿಸಿದರು, ಎರಡು ವಾರದ ನಂತರ ಆ ಮಗುವನ್ನು ಕರೆದು "ಈಗ ಹೇಗಿದೆ ಪುಟ್ಟ" ಎಂದು ಯಾರಾದರೂ ಕೇಳಿದರೋ ಇಲ್ಲವೋ, ಅಳೆಯಬೇಕಾದದ್ದು ಅದನ್ನು.